ಪಿಕಪ್‌ನ ಕಂಪನಿ ಟೈರ್ ಸವೆದ ಮೇಲೆ: ರೇಡಿಯಲ್, ನೈಲಾನ್, ರೀಬಟನ್, ಯಾವುದು ಯಾರಿಗೆ?

ನನ್ನ ಪಿಕಪ್ಪೂ ನನ್ನ ಭಾವನ ಪಿಕಪ್ಪೂ ಒಂದೇ ಮಾದರಿಯವು; ಒಂದೇ ತಿಂಗಳಲ್ಲಿ, ಒಂದೇ ಗುರುತಿನ ಕಂಪನಿ ಟೈರ್‌ಗಳ (ಹೊಸ ಗಾಡಿಯ ಜೊತೆಗೇ ಬರುವ ಟೈರ್‌ಗಳ) ಮೇಲೆ ಕಲಬುರಗಿಗೆ ಬಂದವು. ನನ್ನದು ದಾಲ್ ಮಿಲ್ಲುಗಳಿಂದ ತೊಗರಿ ಬೇಳೆಯ ಚೀಲಗಳನ್ನು ಹೇರಿಕೊಂಡು ಹುಮನಾಬಾದಿನಲ್ಲಿ 65ನೇ ರಾಷ್ಟ್ರೀಯ ಹೆದ್ದಾರಿಯನ್ನು ಸೇರಿ, ಜಹೀರಾಬಾದಿನ ಮೇಲೆ ಹೈದರಾಬಾದಿಗೆ ಹೋಗಿ ಬರುತ್ತದೆ. ಅವನದು ಚಿತ್ತಾಪುರ ತಾಲೂಕಿನ ಗಣಿಗಳಿಂದ ಶಹಾಬಾದಿ ಫರ್ಸಿಯನ್ನು (ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಚಪ್ಪಡಿಯನ್ನು) ಹೇರಿಕೊಂಡು, ಅರ್ಧ ದಾರಿ ಗರಸು, ಅರ್ಧ ದಾರಿ ಒಡೆದ ಡಾಂಬರಿನ ಮೇಲೆ ಓಡಾಡುತ್ತದೆ. ನನ್ನ ಹಿಂದಿನ ಎರಡು ಟೈರ್‌ಗಳನ್ನು 46 ಸಾವಿರ ಕಿಲೋಮೀಟರಿಗೆ ಬಿಚ್ಚಿದೆ. ಅವನ ಹಿಂದಿನವು 23 ಸಾವಿರಕ್ಕೇ ಮುಗಿದವು. ಅದೂ ಸವೆದು ಅಲ್ಲ, ಒಂದರ ಪಕ್ಕದ ಗೋಡೆ (ರಿಮ್ಮಿಗೂ ರಸ್ತೆಗೆ ತಾಕುವ ಮುಖಕ್ಕೂ ನಡುವಿನ ಭಾಗ) ಸೀಳಿ, ಇನ್ನೊಂದರಲ್ಲಿ ಬುಗುಟು ಎದ್ದು.

ಆದ್ದರಿಂದ “ಕಂಪನಿ ಟೈರ್ ಎಷ್ಟು ಕಿಲೋಮೀಟರ್ ಬರುತ್ತದೆ” ಎಂದು ಯಾರಾದರೂ ಕೇಳಿದರೆ, ಏನು ಹೇರುತ್ತೀರಿ, ಎಲ್ಲಿ ಓಡಿಸುತ್ತೀರಿ, ಹವಾ ಯಾವಾಗ ನೋಡಿಸಿದಿರಿ ಎಂದು ನಾನು ಮೂರು ಮರುಪ್ರಶ್ನೆ ಕೇಳುತ್ತೇನೆ. ನಮ್ಮ ಭಾಗದಲ್ಲಿ ಹೆದ್ದಾರಿಯಲ್ಲಿ ಓಡುವ, ಮಿತಿಯೊಳಗೆ ಹೇರುವ ಪಿಕಪ್‌ಗೆ 40ರಿಂದ 55 ಸಾವಿರ ಕಿಲೋಮೀಟರ್ ಬಂದರೆ ಅದು ನ್ಯಾಯವಾದ ಬಾಳಿಕೆ ಎಂದು ನಾನು ತಿಳಿಯುತ್ತೇನೆ. ಅದಕ್ಕಿಂತ ಬಹಳ ಕಡಿಮೆ ಬಂದಿದ್ದರೆ ಮುಂದಿನ ಟೈರ್ ಆರಿಸುವ ಮೊದಲು ಹಳೆಯದು ಯಾಕೆ ಹೋಯಿತು ಎಂಬುದನ್ನು ತಿಳಿದುಕೊಳ್ಳಬೇಕು. ಕಾರಣವನ್ನು ಹಾಗೆಯೇ ಬಿಟ್ಟು ಟೈರ್ ಮಾತ್ರ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಕಂಪನಿ ಟೈರ್‌ಗಳು ಬೇಗ ಸವೆಯುತ್ತವೆ, ಅಂಗಡಿಯಲ್ಲಿ ಕೊಂಡವು ಹೆಚ್ಚು ಬರುತ್ತವೆ ಎಂಬ ಮಾತು ಮೊಬೈಲ್ ವಿಡಿಯೋಗಳಿಂದ ನಮ್ಮ ಗಂಜಿನವರೆಗೂ (ಧಾನ್ಯದ ಪೇಟೆಯವರೆಗೂ) ಬಂದಿದೆ. ಈ ಮಾತು ಹೆಚ್ಚಾಗಿ ಅಮೆರಿಕದ್ದು. ಅಲ್ಲಿ ಪಿಕಪ್ ಎಂದರೆ ಬಹುಮಟ್ಟಿಗೆ ಮನೆಯ ಗಾಡಿ. ಷೋರೂಮಿನಿಂದ ಬರುವಾಗ ಅದಕ್ಕೆ ಇಂಧನ ಉಳಿಸುವ, ಸದ್ದು ಮಾಡದ, ಹಗುರಾದ ಟೈರ್ ಹಾಕಿರುತ್ತಾರೆ. ಅಂಥ ಟೈರ್‌ನಲ್ಲಿ ಬಟನ್‌ನ (ರಸ್ತೆಗೆ ತಾಕುವ ಮುಖದ ಉಬ್ಬು ರಬ್ಬರಿನ) ಆಳ ಕೆಲವೊಮ್ಮೆ ಕಡಿಮೆ ಇರುವುದೂ ಉಂಟು. ನಮ್ಮ ಪಿಕಪ್‌ಗಳಿಗೆ ಬರುವುದು ಸಾಮಾನ್ಯವಾಗಿ ಸರಕು ಗಾಡಿಗೆಂದೇ ಮಾಡಿದ, ಹೆಚ್ಚು ಪ್ಲೈ ರೇಟಿಂಗ್‌ನ, ಎಂದರೆ ಹೆಚ್ಚು ಬಲದ ಟೈರ್. ಆದ್ದರಿಂದ ಕಂಪನಿ ಟೈರನ್ನು ಬರೀ ಹೆಸರಿನ ಮೇಲೆ ಕೀಳೆಂದು ತಳ್ಳಿಹಾಕಲು ಇಲ್ಲಿ ಕಾರಣವಿಲ್ಲ.

ಹಳೆಯ ಟೈರ್ ಏನು ಹೇಳುತ್ತದೆ

ಅಂಗಡಿಗೆ ಹೋಗುವ ಮೊದಲು ಗಾಡಿಯ ನಾಲ್ಕೂ ಟೈರ್‌ಗಳನ್ನು ಒಂದೊಂದಾಗಿ ನೋಡಬೇಕು. ನಡುವಿನ ಭಾಗ ಹೆಚ್ಚು ಸವೆದು ಅಂಚುಗಳು ಉಳಿದಿದ್ದರೆ ಹವಾ ಹೆಚ್ಚಾಗಿದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಹವಾ ಕಡಿಮೆಯಾಗಿದೆ, ಇಲ್ಲವೆ ಭಾರ ಹೆಚ್ಚಾಗಿದೆ. ಒಂದೇ ಅಂಚು ಹೋಗಿದ್ದರೆ ಅಲೈನ್‌ಮೆಂಟ್, ಎಂದರೆ ಚಕ್ರಗಳು ನಿಲ್ಲುವ ಕೋನ, ತಪ್ಪಿದೆ.

ಪಿಕಪ್‌ನಲ್ಲಿ ಇನ್ನೊಂದು ತೊಡಕು ಉಂಟು. ಹೋಗುವಾಗ ತುಂಬಿದ ಗಾಡಿ ಬರುವಾಗ ಖಾಲಿ ಇರುತ್ತದೆ. ತುಂಬಿದ ಭಾರಕ್ಕೆಂದು ಹಿಂದಿನ ಟೈರ್‌ಗಳಿಗೆ ಹಾಕಿದ ಹವಾ ಖಾಲಿ ಬರುವಾಗ ಹೆಚ್ಚಾಗುತ್ತದೆ. ಪಟ್ಟಿಯ ಸ್ಪ್ರಿಂಗ್ ಬಗ್ಗುವುದಿಲ್ಲ, ಹಿಂಭಾಗ ಕುಣಿಯುತ್ತದೆ, ಟೈರ್‌ನ ನಡುಭಾಗ ಮಾತ್ರ ರಸ್ತೆಗೆ ತಾಕುತ್ತದೆ. ದಿನವೂ ನೂರಾರು ಕಿಲೋಮೀಟರ್ ಖಾಲಿ ಬರುವವರ ಹಿಂದಿನ ಟೈರ್ ನಡುವೆ ಬೋಳಾಗುವುದಕ್ಕೆ ಇದೇ ಕಾರಣ. ಹೋಗುವಾಗ ಒಂದು ಹವಾ, ಬರುವಾಗ ಒಂದು ಹವಾ ಎಂದು ಮಾಡುವ ತಾಳ್ಮೆ ನನಗಂತೂ ಇಲ್ಲ. ಮರುದಿನವೂ ಖಾಲಿಯಾಗಿಯೇ ಓಡಿಸಬೇಕಾದಾಗ ಮಾತ್ರ, ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಬಾಗಿಲಿನ ಪಕ್ಕದ ಚೀಟಿಯಲ್ಲಿ ಖಾಲಿ ಗಾಡಿಗೆಂದು ಬರೆದ ಮಟ್ಟಕ್ಕೆ ಇಳಿಸುತ್ತೇನೆ.

ಮುಂದಿನ ಟೈರ್‌ಗಳ ಕತೆಯೇ ಬೇರೆ. ನನ್ನ ಎಡ ಮುಂದಿನ ಟೈರ್ 31 ಸಾವಿರಕ್ಕೇ ಹೋಯಿತು. ಆಳಂದ ಚೆಕ್‌ಪೋಸ್ಟ್ ಹತ್ತಿರದ ಅಂಗಡಿಯ ಮೇಸ್ತ್ರಿ ಗಾಡಿಯನ್ನು ಜಾಕ್ ಮೇಲೆ ಎತ್ತುವುದಕ್ಕೂ ಮುಂಚೆ ಟೈರ್‌ನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಗೆ ಸವರಿದ, ಆಮೇಲೆ ಹೊರಗಿನಿಂದ ಒಳಗೆ ಸವರಿದ. “ನೀವೂ ನೋಡ್ರಿ” ಎಂದ. ಒಂದು ಕಡೆಗೆ ಕೈ ನುಣುಪಾಗಿ ಜಾರಿತು. ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಪ್ರತಿ ಬಟನ್‌ನ ಅಂಚೂ ಚರ್ಮಕ್ಕೆ ತಗುಲಿತು. ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿ ಓಡದೆ, ಟೈರ್ ಪ್ರತಿ ಸುತ್ತಿನಲ್ಲೂ ಸ್ವಲ್ಪ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತಿದ್ದುದರ ಗುರುತು ಅದು. ಕಣ್ಣಿಗೆ ಆ ಟೈರ್ ಚೆನ್ನಾಗಿಯೇ ಕಾಣುತ್ತಿತ್ತು. ಯಾವುದೋ ಗುಂಡಿಗೆ ಬಿದ್ದ ಮೇಲೆ ಕೆಲವು ನೂರು ರೂಪಾಯಿಯ ಅಲೈನ್‌ಮೆಂಟ್ ಮಾಡಿಸದೆ ಬಿಟ್ಟದ್ದಕ್ಕೆ ಕೊಟ್ಟ ಬೆಲೆ ಒಂದು ಟೈರ್. ಈಗ ತಿಂಗಳಿಗೊಮ್ಮೆ ನಾನೇ ಅಂಗೈ ಸವರಿ ನೋಡುತ್ತೇನೆ.

ಆಳವನ್ನು ಅಳೆಯುವುದು ಇನ್ನೂ ಸುಲಭ. ಅಮೆರಿಕದವರು ಒಂದು ಸೆಂಟಿನ ನಾಣ್ಯದಲ್ಲಿ ಲಿಂಕನ್ ತಲೆಯನ್ನು ಕೆಳಗೆ ಮಾಡಿ ಬಟನ್‌ನ ಸಂದಿಗೆ ತೂರಿಸಿ ನೋಡುತ್ತಾರೆ. ತಲೆ ಪೂರ್ತಿ ಕಂಡರೆ ಆಳ ಅವರ 2/32 ಇಂಚಿಗೆ, ಎಂದರೆ ನಮ್ಮ ಸುಮಾರು 1.6 ಮಿಲಿಮೀಟರಿಗೆ ಇಳಿದಿದೆ ಎಂದು ಅರ್ಥ. ನಮ್ಮ ಮೋಟಾರು ವಾಹನ ನಿಯಮವೂ ಇಂಥ ಗಾಡಿಗಳಿಗೆ 1.6 ಮಿಲಿಮೀಟರನ್ನೇ ಕನಿಷ್ಠವೆಂದು ಹೇಳುತ್ತದೆ. ಟೈರ್‌ನ ಸಂದಿಗಳ ತಳದಲ್ಲಿ ಅಡ್ಡಲಾಗಿ ಇರುವ ಸಣ್ಣ ದಿಣ್ಣೆಗಳು ಈ ಮಟ್ಟದ ಗುರುತು. ಬಟನ್ ಆ ದಿಣ್ಣೆಯ ಸಮಕ್ಕೆ ಬಂದರೆ ಟೈರ್ ಮುಗಿದಂತೆ. ನಾಣ್ಯಕ್ಕಿಂತ ಬಿಡಿಭಾಗದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆಳ ಅಳೆಯುವ ಕಡ್ಡಿ ಒಳ್ಳೆಯದು, ಏಕೆಂದರೆ ಟೈರ್ ಇನ್ನೂ ಎಷ್ಟು ಓಡೀತು ಎಂಬುದನ್ನೂ ಅದರಿಂದ ಲೆಕ್ಕ ಹಾಕಬಹುದು.

ನನ್ನ ಕಂಪನಿ ಟೈರ್ ಹೊಸದಿದ್ದಾಗ 9 ಮಿಲಿಮೀಟರ್ ಆಳ ಇತ್ತು. 10 ಸಾವಿರ ಕಿಲೋಮೀಟರಿಗೆ ಹಿಂದಿನವು 7.6ಕ್ಕೆ ಇಳಿದಿದ್ದವು. ಹತ್ತು ಸಾವಿರಕ್ಕೆ 1.4 ಮಿಲಿಮೀಟರ್ ಸವೆತ. 1.6ರವರೆಗೆ ಓಡಿಸಿದರೆ ಬಳಸಲು ಸಿಗುವುದು 7.4 ಮಿಲಿಮೀಟರ್, ಎಂದರೆ 52 ಸಾವಿರಕ್ಕೂ ಸ್ವಲ್ಪ ಹೆಚ್ಚು. ನಾನು ಅಲ್ಲಿಯವರೆಗೆ ಓಡಿಸಲಿಲ್ಲ. ಎದುರಿಗೆ ಮಳೆಗಾಲ ಇತ್ತು, ಆಳ 2.6ಕ್ಕೆ ಬಂದಿತ್ತು. ಮೊದಲ ಮಳೆಗೆ ಹೊಲದ ದಾರಿಗಳಿಂದ ಟ್ರ್ಯಾಕ್ಟರ್‌ಗಳು ತಂದು ಚೆಲ್ಲುವ ಎರೆ ಮಣ್ಣು ಡಾಂಬರಿನ ಮೇಲೆ ಬೆಣ್ಣೆಯಂತಾಗುವುದನ್ನು ಕಂಡವರು 1.6ರವರೆಗೆ ಕಾಯುವುದಿಲ್ಲ. ಕಾನೂನಿನ ಅಂಕಿ ಒಣ ರಸ್ತೆಗೆ ಸಾಕಾದೀತು. ಮಳೆಗೆ 3 ಮಿಲಿಮೀಟರ್ ಇರುವಾಗಲೇ ಹೊಸ ಟೈರ್‌ನ ಯೋಚನೆ ಮಾಡಬೇಕು.

ಪಕ್ಕದ ಗೋಡೆಯ ಮೇಲಿನ ಬರಹ

ಆರಿಸುವಾಗ ಗುರುತಿನ ಹೆಸರಿಗಿಂತ ಮೊದಲು ನೋಡಬೇಕಾದದ್ದು ಅಂಕಿಗಳನ್ನು. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಮುಂತಾದ ಕಂಪನಿಗಳೆಲ್ಲ ಸರಕು ಗಾಡಿಗೆ ಒಂದಕ್ಕಿಂತ ಹೆಚ್ಚು ಬಗೆಯ ಟೈರ್ ಮಾಡುತ್ತವೆ. ಒಂದೇ ಕಂಪನಿಯ ಎರಡು ಬಗೆಗಳ ನಡುವಿನ ವ್ಯತ್ಯಾಸ ಎರಡು ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಿರಬಹುದು.

ಟಾಟಾ ಏಸ್‌ನಂಥ ಚಿಕ್ಕ ಗಾಡಿಯಲ್ಲಿ 145 ಆರ್ 12 ಎಂದೂ, ದೊಡ್ಡ ಪಿಕಪ್‌ಗಳಲ್ಲಿ 7.00 ಆರ್ 15 ಅಥವಾ 215/75 ಆರ್ 15 ಎಂದೂ ಬರೆದಿರುವುದನ್ನು ನೋಡಿರುತ್ತೀರಿ. ನಡುವೆ ‘ಆರ್’ ಇದ್ದರೆ ರೇಡಿಯಲ್, 7.00-15 ಎಂದು ಬರೀ ಅಡ್ಡಗೆರೆ ಇದ್ದರೆ ಅದು ಅಂಗಡಿಯವರು ನೈಲಾನ್ ಎಂದು ಕರೆಯುವ ಟೈರ್. ಪ್ಲೈ ರೇಟಿಂಗ್ 8 ಎಂದರೆ ಒಳಗೆ ಎಂಟು ಪದರಗಳಿವೆ ಎಂದಲ್ಲ. ಹಳೆಯ ಕಾಲದ ಎಂಟು ಪದರದ ಹತ್ತಿ ಟೈರ್‌ನಷ್ಟು ಬಲವಿದೆ ಎಂದು ಅರ್ಥ.

ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆಯ ಪಕ್ಕದಲ್ಲಿರುವ ಭಾರದ ಸೂಚ್ಯಂಕ. 100 ಎಂದಿದ್ದರೆ ಆ ಒಂದು ಟೈರ್ 800 ಕಿಲೋ ಹೊರುತ್ತದೆ. 109 ಎಂದಿದ್ದರೆ 1030 ಕಿಲೋ. 112 ಎಂದಿದ್ದರೆ 1120 ಕಿಲೋ. ಇದನ್ನು ನಿಮ್ಮ ಗಾಡಿಗೆ ಹಚ್ಚಿ ನೋಡಿ. ಸರಕು ಸೇರಿ 3 ಟನ್ ತೂಗುವ ಪಿಕಪ್‌ನಲ್ಲಿ ಮೂರರಲ್ಲಿ ಎರಡು ಪಾಲು ಹಿಂದಿನ ಆಕ್ಸಲ್ ಮೇಲೆ ಬಿದ್ದರೆ ಹಿಂದಿನ ಒಂದೊಂದು ಟೈರ್ ಮೇಲೆ ಒಂದು ಟನ್ ಆಯಿತು. ಜೀಪಿಗೆಂದು ಮಾಡಿದ, 100 ಸೂಚ್ಯಂಕದ ಟೈರ್ ಅದೇ ರಿಮ್ಮಿಗೆ ಸರಿಯಾಗಿ ಕೂಡುತ್ತದೆ, ಅಗ್ಗವೂ ಇರುತ್ತದೆ, ಮೆತ್ತಗೆ ಓಡುತ್ತದೆ. ಆದರೆ ಮೊದಲ ದಿನದಿಂದಲೇ 200 ಕಿಲೋ ಹೆಚ್ಚು ಹೊರುತ್ತಿರುತ್ತದೆ. ಹದಿನೈದು ಕ್ವಿಂಟಲ್‌ನ ಗಾಡಿಗೆ ಇಪ್ಪತ್ತೈದು ಹೇರುವುದು ಸುಗ್ಗಿಯಲ್ಲಿ ಗಂಜಿನ ಮುಂದೆ ಯಾರಿಗೂ ಸೋಜಿಗವಲ್ಲ. ಹಾಗೆ ಹೇರುವವರು ಯಾವ ಟೈರ್ ಒಳ್ಳೆಯದು ಎಂದು ಕೇಳಿದರೆ ಪ್ರಾಮಾಣಿಕವಾಗಿ ಹೇಳಬಹುದಾದ ಉತ್ತರ, ಹೆಚ್ಚಿನದನ್ನು ಎರಡನೆಯ ಟ್ರಿಪ್‌ನಲ್ಲಿ ಒಯ್ಯಿರಿ ಎಂಬುದೇ. ಕಂಪನಿ ಟೈರ್‌ನ ಮೇಲೆ ಇರುವ ಸೂಚ್ಯಂಕಕ್ಕಿಂತ ಕಡಿಮೆಯದನ್ನು ಯಾವ ಕಾರಣಕ್ಕೂ ಹಾಕಿಸಬಾರದು.

ಇನ್ನು ತಯಾರಿಕೆಯ ದಿನ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಯ ಒಂದು ಸಣ್ಣ ಚೌಕಟ್ಟು ಇರುತ್ತದೆ: 2324 ಎಂದರೆ 2024ರ 23ನೇ ವಾರ. ಒಮ್ಮೆ ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಕೊಟ್ಟರೆಂದು ಖುಷಿಯಿಂದ ಎರಡು ಟೈರ್ ತಂದು, ಮನೆಯಲ್ಲಿ ನೋಡಿದರೆ ಮೂರು ವರ್ಷದ ಹಿಂದಿನವು. ಹಿಂದಿರುಗಿಸಲು ಹೋದಾಗ ಒಮ್ಮೆ ರಿಮ್ಮಿಗೆ ಕೂಡಿಸಿದ ಮೇಲೆ ವಾಪಸ್ಸಿಲ್ಲ ಎಂದರು. ರಬ್ಬರ್ ಕಪಾಟಿನಲ್ಲಿದ್ದರೂ ನಿಧಾನವಾಗಿ ಗಟ್ಟಿಯಾಗುತ್ತದೆ, ನಮ್ಮ ಊರಿನ ತಗಡಿನ ಗೋದಾಮುಗಳ ಬಿಸಿಯಲ್ಲಿ ಇನ್ನೂ ಬೇಗ. ಆರು ತಿಂಗಳ ಒಳಗಿನದನ್ನೇ ಕೇಳಿ; ವರ್ಷ ದಾಟಿದ್ದರೆ ಬೆಲೆ ಇಳಿಸಿದರೂ ಬೇಡ ಎನ್ನಿ. ಐಎಸ್‌ಐ ಗುರುತು, ಅದರೊಂದಿಗೆ ಸರಕು ಗಾಡಿಯ ಟೈರ್‌ಗಳ ಮಾನಕವಾದ ಐಎಸ್ 15636 ಎಂಬ ಸಂಖ್ಯೆ ಇದೆಯೋ ಇಲ್ಲವೋ ಎಂದೂ ಆಗಲೇ ನೋಡಿಕೊಳ್ಳಬಹುದು.

ರೇಡಿಯಲ್ಲೋ ನೈಲಾನೋ

ಇದೇ ನಿಜವಾದ ಆಯ್ಕೆ. ರೇಡಿಯಲ್‌ನಲ್ಲಿ ನೂಲಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯ್ದಿರುತ್ತವೆ. ಅದರ ಮೇಲೆ, ಬಟನ್‌ನ ಕೆಳಗೆ, ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಪಕ್ಕದ ಗೋಡೆ ಬೇರೆಯಾಗಿ ಬಗ್ಗುತ್ತದೆ, ಬಟನ್ ಇರುವ ಮುಖ ರಸ್ತೆಯ ಮೇಲೆ ಚಪ್ಪಟೆಯಾಗಿ ಅಲುಗದೆ ನಿಲ್ಲುತ್ತದೆ. ಹೀಗಾಗಿ ಉಜ್ಜಾಟ ಕಡಿಮೆ, ಬಿಸಿ ಕಡಿಮೆ, ಡೀಸೆಲ್ ಕಡಿಮೆ, ಬಾಳಿಕೆ ಹೆಚ್ಚು. ನೈಲಾನ್ ಟೈರ್‌ನಲ್ಲಿ ಎಳೆಗಳು ಒಂದರ ಮೇಲೊಂದು ಓರೆಯಾಗಿ ಹೆಣೆದು ಬಂದಿರುತ್ತವೆ. ಗೋಡೆ, ಮುಖ ಎಲ್ಲ ಒಂದೇ ದಪ್ಪ ಹೆಣಿಗೆ. ಭಾರ ಬಿದ್ದಾಗ ಇಡೀ ಟೈರ್ ಒಟ್ಟಿಗೆ ಬಗ್ಗಿ, ಮುಖವೂ ಮುದುಡಿ ರಸ್ತೆಗೆ ಉಜ್ಜುತ್ತದೆ. ಬೇಗ ಸವೆಯುತ್ತದೆ, ವೇಗದಲ್ಲಿ ಬಿಸಿಯಾಗುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ ನೈಲಾನ್ ಟೈರ್ ಬೆಳಿಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಧಡ್ ಧಡ್ ಎನ್ನುವುದನ್ನು ಕೇಳಿರಬಹುದು; ನೆಲಕ್ಕೆ ಒತ್ತಿದ ಭಾಗ ಚಪ್ಪಟೆಯಾಗಿ, ಬಿಸಿಯಾದ ಮೇಲೆಯೇ ದುಂಡಗಾಗುವ ಸದ್ದು ಅದು.

ಇಷ್ಟಾದರೂ ನೈಲಾನ್‌ಗೆ ಒಂದು ಗುಣವಿದೆ. ಅದರ ಗೋಡೆ ದಪ್ಪ. ಗಣಿಯ ದಾರಿಯಲ್ಲಿ ಬಿದ್ದಿರುವ ಫರ್ಸಿಯ ತುಂಡು ಚೂರಿಯಷ್ಟು ಹರಿತ. ಸುಣ್ಣಕಲ್ಲು ಪದರ ಪದರವಾಗಿ ಒಡೆಯುವುದರಿಂದ ಅದರ ಅಂಚು ಹಾಗಿರುತ್ತದೆ. ರೇಡಿಯಲ್‌ನ ತೆಳ್ಳನೆಯ ಗೋಡೆ ಆ ಅಂಚಿಗೆ ಒಮ್ಮೆ ಸಿಕ್ಕರೆ ಸೀಳಿಹೋಗುತ್ತದೆ, ಅದನ್ನು ತೇಪೆ ಹಾಕಿ ಮತ್ತೆ ಹೆದ್ದಾರಿಗೆ ತರುವುದು ಅಪಾಯ. ನೈಲಾನ್ ಗೋಡೆ ಅಷ್ಟಕ್ಕೆ ಬರೀ ಗೀರು ಬಿದ್ದು ಉಳಿಯುತ್ತದೆ. ನನ್ನ ಭಾವ ಎರಡನೆಯ ಬಾರಿ ನಾಲ್ಕೂ ಟೈರ್‌ಗಳನ್ನು ನೈಲಾನ್ ಮಾಡಿದ. 30 ಸಾವಿರ ಬಂದವು.

ನಾಲ್ಕೂ ಎಂಬುದನ್ನು ಗಮನಿಸಬೇಕು. ಭಾರ ಬೀಳುವುದು ಹಿಂದೆ ತಾನೇ ಎಂದು ಹಿಂದೆ ಎರಡು ನೈಲಾನ್ ಹಾಕಿ ಮುಂದೆ ಕಂಪನಿಯ ರೇಡಿಯಲ್ ಉಳಿಸಿಕೊಂಡ ಗಾಡಿಗಳನ್ನು ಶಹಾಬಾದ್, ವಾಡಿ ಕಡೆ ಬೇಕಾದಷ್ಟು ನೋಡುತ್ತೇನೆ. ಇದು ತಪ್ಪುಗಳಲ್ಲೇ ಕೆಟ್ಟ ತಪ್ಪು. ತಿರುವಿನಲ್ಲಿ ಮುಂದಿನ ರೇಡಿಯಲ್ ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ, ಹಿಂದಿನ ನೈಲಾನ್ ಅಷ್ಟು ಹಿಡಿಯುವುದಿಲ್ಲ. ಮಳೆಯಲ್ಲಿ ಹಿಂಭಾಗ ಜಾರಿ ಗಾಡಿ ತನ್ನ ಸುತ್ತಲೇ ತಿರುಗುತ್ತದೆ. ಒಂದೇ ಆಕ್ಸಲ್‌ನ ಎರಡು ಬದಿಗೆ ಎರಡು ಜಾತಿಯ ಟೈರ್ ಅಂತೂ ಕೂಡದು. ಅನಿವಾರ್ಯವಾಗಿ ಎರಡು ಜಾತಿ ಇರಲೇಬೇಕಾದರೆ ರೇಡಿಯಲ್ ಹಿಂದೆ ಇರಬೇಕು. ಜನ ಮಾಡುವುದು ಅದಕ್ಕೆ ಸರಿಯಾಗಿ ಉಲ್ಟಾ. ಇನ್ನೊಂದು ಮಾತು: 7.00-15ರಂಥ ಹಳೆಯ ಅಳತೆಗಳಲ್ಲಿ ನೈಲಾನ್ ಸಿಗುತ್ತದೆ, 215/75ರಂಥವು ರೇಡಿಯಲ್ ಅಳತೆಗಳು. ಆ ಗಾಡಿಯವರು ಹೆಚ್ಚು ಪ್ಲೈ ರೇಟಿಂಗ್ ಇರುವ, ಗೋಡೆ ಗಟ್ಟಿ ಮಾಡಿದ ಸರಕು ರೇಡಿಯಲ್ ಹುಡುಕಬೇಕೇ ಹೊರತು ರಿಮ್ ಬದಲಿಸಲು ಹೋಗಬಾರದು.

ಬೇಸಿಗೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಡಾಂಬರು ಅದಕ್ಕಿಂತ ಬಹಳ ಬಿಸಿ. ಬೆಳಿಗ್ಗೆ ತಣ್ಣಗಿದ್ದಾಗ 60 ಪಿಎಸ್‌ಐ ಹಾಕಿದ ಟೈರ್‌ನ ಒಳಗಿನ ಗಾಳಿ 30 ಡಿಗ್ರಿ ಹೆಚ್ಚು ಕಾದರೆ ಒತ್ತಡ ಸುಮಾರು 7 ಪಿಎಸ್‌ಐ ಏರುತ್ತದೆ. ಇದನ್ನು ಕಂಡು ಹೆದರಿ ದಾರಿಯಲ್ಲಿ ಹವಾ ಬಿಡುವವರಿದ್ದಾರೆ. ಆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಟೈರ್ ಮಾಡಿರುತ್ತಾರೆ. ಬಿಸಿ ಟೈರ್‌ನಿಂದ ಹವಾ ಬಿಟ್ಟರೆ ಅದು ಇನ್ನಷ್ಟು ಬಗ್ಗಿ, ಬಗ್ಗಿದಷ್ಟೂ ಕಾದು, ಕೊನೆಗೆ ಪದರ ಬಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಟೈರ್ ಒಡೆಯುವುದು ಹೆಚ್ಚಾಗಿ ಹವಾ ಕಡಿಮೆಯಾಗಿ, ಹೆಚ್ಚಾಗಿ ಅಲ್ಲ. ನಾನು ಒಂದು ಪಂಪಿನ ಮೀಟರನ್ನೇ ನಂಬಿ ಐದಾರು ತಿಂಗಳು ಓಡಿಸಿದ ಮೇಲೆ ಸ್ವಂತ ಮೀಟರ್ ಕೊಂಡು ನೋಡಿದರೆ ಅಲ್ಲಿನದು 8 ಪಿಎಸ್‌ಐ ಹೆಚ್ಚು ತೋರಿಸುತ್ತಿತ್ತು. ಎಂದರೆ ಅಷ್ಟು ದಿನವೂ ನನ್ನ ಟೈರ್‌ಗಳು 8 ಕಡಿಮೆಯಲ್ಲೇ ಭಾರ ಹೊತ್ತಿದ್ದವು.

ರೀಬಟನ್, ಮತ್ತು ಹಳೆಯ ಟೈರ್

ಸವೆದ ಟೈರ್‌ಗೆ ಹೊಸ ಬಟನ್ ಹಚ್ಚಿಸುವುದು ಲಾರಿಯವರಿಗೆ ದಿನನಿತ್ಯದ ವ್ಯವಹಾರ, ಅದರಲ್ಲಿ ನಾಚಿಕೆಯೇನೂ ಇಲ್ಲ. ಮೊದಲೇ ಬೇಯಿಸಿದ ಬಟನ್ ಪಟ್ಟಿಯನ್ನು ಅಂಟಿಸಿ ಸುಮಾರು 100 ಡಿಗ್ರಿ ಶಾಖದಲ್ಲಿ ಕೂಡಿಸುವುದಕ್ಕೆ ಕೋಲ್ಡ್ ಎಂದೂ, ಹಸಿ ರಬ್ಬರನ್ನು ಅಚ್ಚಿನಲ್ಲಿ ಇನ್ನೂ ಹೆಚ್ಚಿನ ಶಾಖದಲ್ಲಿ ಬೇಯಿಸುವುದಕ್ಕೆ ಹಾಟ್ ಎಂದೂ ಕರೆಯುತ್ತಾರೆ. ಹಳೆಯ ಟೈರ್‌ನ ಒಡಲಿಗೆ (ಬಟನ್ ಬಿಟ್ಟು ಉಳಿದ ಟೈರ್‌ಗೆ) ಕಡಿಮೆ ಬಿಸಿ ತಾಗುವುದರಿಂದ ಕೋಲ್ಡ್ ಮೇಲು. ಬೆಲೆ ಹೊಸದರ ಮೂರನೇ ಒಂದರಿಂದ ಅರ್ಧದವರೆಗೆ.

ರೀಬಟನ್ ಬಾಳುವುದು ಒಡಲು ಗಟ್ಟಿ ಇದ್ದಷ್ಟು ದಿನ. ನಿಮ್ಮದೇ ಗಾಡಿಯ, ಪಂಚರ್ ಎಷ್ಟು ಆಗಿದೆ ಎಂಬುದು ನಿಮಗೇ ಗೊತ್ತಿರುವ, ಉಕ್ಕಿನ ತಂತಿ ಕಾಣುವಷ್ಟು ಓಡಿಸದೆ 3 ಮಿಲಿಮೀಟರ್ ಇರುವಾಗಲೇ ಬಿಚ್ಚಿದ ಟೈರ್ ಆದರೆ ಮಾತ್ರ ಕೊಡಿ. ಕೊಟ್ಟ ಟೈರೇ ವಾಪಸ್ ಬಂತೇ ಎಂದು ಪಕ್ಕದ ಸಂಖ್ಯೆಯನ್ನು ಬರೆದಿಟ್ಟುಕೊಂಡು ನೋಡಿ. ಮುಂದಿನ ಆಕ್ಸಲ್‌ಗೆ ರೀಬಟನ್ ಹಾಕಿಸಬೇಡಿ. ಮೇ ತಿಂಗಳ ಹೆದ್ದಾರಿಗೂ ಬೇಡ. ಊರೊಳಗೆ, ಸೂಪರ್ ಮಾರ್ಕೆಟ್‌ಗೂ ಗಂಜಿಗೂ ನಡುವೆ ದಿನಕ್ಕೆ ನಲವತ್ತು ಕಿಲೋಮೀಟರ್ ಓಡುವ ಗಾಡಿಯ ಹಿಂದಿನ ಚಕ್ರಕ್ಕೆ ಅದು ತಕ್ಕುದು.

ಬೇರೆಯವರು ಬಿಚ್ಚಿದ ಹಳೆಯ ಟೈರ್‌ಗಳನ್ನು ಪಾಲಿಷ್ ಹಚ್ಚಿ ಮಾರುವುದುಂಟು. ಅದು ಆಯ್ಕೆಯೇ ಅಲ್ಲ.

ಪೈಸೆಯ ಲೆಕ್ಕ

ಬೆಲೆಯನ್ನು ಬೆಲೆಯೊಂದಿಗೆ ಹೋಲಿಸುವುದು ಮೋಸಹೋಗುವ ದಾರಿ. ಕಿಲೋಮೀಟರಿಗೆ ಎಷ್ಟು ಪೈಸೆ ಎಂದು ಹೋಲಿಸಬೇಕು. ಉದಾಹರಣೆಗೆ ಕೆಲವು ಅಂಕಿಗಳನ್ನು ಹಿಡಿಯೋಣ, ನಿಮ್ಮ ಅಂಗಡಿಯ ಬೆಲೆ ಹಾಕಿ ಬದಲಿಸಿಕೊಳ್ಳಿ. 7,500 ರೂಪಾಯಿಯ ರೇಡಿಯಲ್ 50 ಸಾವಿರ ಬಂದರೆ ಕಿಲೋಮೀಟರಿಗೆ 15 ಪೈಸೆ. 6,000 ರೂಪಾಯಿಯ ನೈಲಾನ್ 30 ಸಾವಿರ ಬಂದರೆ 20 ಪೈಸೆ. 2,700 ರೂಪಾಯಿಯ ರೀಬಟನ್ 18 ಸಾವಿರ ಬಂದರೆ ಅದೂ 15 ಪೈಸೆಯೇ. ಅಗ್ಗವೆಂದು ಹೋದವನಿಗೆ ಉಳಿದದ್ದು ಏನೂ ಇಲ್ಲ, ಕೈಯಿಂದ ಒಮ್ಮೆಗೇ ದೊಡ್ಡ ಮೊತ್ತ ಹೋಗಲಿಲ್ಲ ಎಂಬುದೊಂದೇ. ಆ ಅನುಕೂಲವೂ ಸಣ್ಣದೇನಲ್ಲ ಎಂಬುದು ಕಂತು ಕಟ್ಟುವವರಿಗೆ ಗೊತ್ತು.

ಈಗ ಡೀಸೆಲ್ ಸೇರಿಸಿ. ಲೀಟರಿಗೆ 90 ರೂಪಾಯಿ, 12 ಕಿಲೋಮೀಟರ್ ಮೈಲೇಜ್ ಎಂದು ಹಿಡಿದರೆ ಕಿಲೋಮೀಟರಿಗೆ ಏಳೂವರೆ ರೂಪಾಯಿ. ರೇಡಿಯಲ್‌ನಿಂದ ಉಳಿಯುವುದು ಬರೀ ಶೇಕಡಾ 3 ಎಂದು ಕಡಿಮೆಯಾಗಿಯೇ ಹಿಡಿದರೂ 22 ಪೈಸೆಗೂ ಮೇಲಾಯಿತು. ನಾಲ್ಕು ಟೈರ್‌ಗೆ 5 ಪೈಸೆಯಂತೆ ನೈಲಾನ್‌ನ ಹೆಚ್ಚುವರಿ ಖರ್ಚು 20 ಪೈಸೆ. ಎರಡೂ ಸೇರಿ ಕಿಲೋಮೀಟರಿಗೆ 42 ಪೈಸೆಯಷ್ಟು ವ್ಯತ್ಯಾಸ. ತಿಂಗಳಿಗೆ 4 ಸಾವಿರ ಕಿಲೋಮೀಟರ್ ಓಡುವ ಗಾಡಿಯಲ್ಲಿ ಸುಮಾರು 1,700 ರೂಪಾಯಿ. ಹೆದ್ದಾರಿಯ ಗಾಡಿಗೆ ನೈಲಾನ್ ಅಗ್ಗ ಎನ್ನುವವರು ಈ ಡೀಸೆಲ್‌ನ ಸಾಲನ್ನು ಬರೆದೇ ಇರುವುದಿಲ್ಲ.

ಗಣಿಯ ಗಾಡಿಗೆ ಇದೇ ಲೆಕ್ಕ ತಿರುಗುತ್ತದೆ. 23 ಸಾವಿರಕ್ಕೆ ಸೀಳಿದ 7,500 ರೂಪಾಯಿಯ ರೇಡಿಯಲ್ ಕಿಲೋಮೀಟರಿಗೆ 32 ಪೈಸೆ ದಾಟುತ್ತದೆ. ನೈಲಾನ್ 20ರಲ್ಲೇ ನಿಲ್ಲುತ್ತದೆ. ಓಡುವ ಕಿಲೋಮೀಟರ್ ಕಡಿಮೆ, ವೇಗ ಕಡಿಮೆ ಇರುವುದರಿಂದ ಡೀಸೆಲ್‌ನ ಮಾತೂ ಅಲ್ಲಿ ಹಗುರ. ಟೈರ್ ಸೀಳಿದ ದಿನ ಕಲ್ಲು ತುಂಬಿದ ಗಾಡಿಯನ್ನು ದಾರಿಯಲ್ಲೇ ಇಳಿಸಿ ಹತ್ತಿಸುವ ಹಮಾಲಿಯನ್ನೂ ಸೇರಿಸಿಕೊಂಡರೆ ಭಾವ ಮಾಡಿದ್ದು ಸರಿ.

ಹೀಗಾಗಿ ನನ್ನ ಅಭಿಪ್ರಾಯ ಇದು. ಬೇಳೆ, ಕಿರಾಣಿ, ತರಕಾರಿ ಹೇರಿ ಹುಮನಾಬಾದ್, ಬೀದರ್, ಹೈದರಾಬಾದ್, ಸೋಲಾಪುರ ಎಂದು ಓಡುವವರು ಕಂಪನಿ ಟೈರ್‌ನ ಅಳತೆಯ, ಅದೇ ಅಥವಾ ಹೆಚ್ಚಿನ ಭಾರದ ಸೂಚ್ಯಂಕದ ಸರಕು ರೇಡಿಯಲ್‌ಗೇ ಹೋಗಲಿ. ಮೊದಲ ಜೊತೆ 40 ಸಾವಿರ ದಾಟಿದ್ದರೆ ಅದೇ ಗುರುತಿನದನ್ನು ಮತ್ತೆ ಹಾಕಿಸುವುದಕ್ಕೆ ಹಿಂಜರಿಯಬೇಕಾಗಿಲ್ಲ. ಗಣಿ, ಜಲ್ಲಿ, ಇಟ್ಟಂಗಿಯವರು ನಾಲ್ಕಕ್ಕೂ ನೈಲಾನ್, ಅದು ಸಿಗದ ಅಳತೆಯಾದರೆ ಗಟ್ಟಿ ಗೋಡೆಯ ರೇಡಿಯಲ್. ಯಾದಗಿರಿಯ ಶಹಾಪುರ, ಸುರಪುರ ಕಡೆ ಕಾಲುವೆ ದಂಡೆಯ ದಾರಿಯಲ್ಲಿ ಭತ್ತ ಹೇರುವವರಿಗೆ ಕೆಸರು ಮುಖ್ಯ. ಅವರು ಹಿಂದಿನ ಚಕ್ರಕ್ಕೆ ಅಗಲವಾದ ಸಂದಿಗಳಿರುವ ಬಟನ್ ವಿನ್ಯಾಸವನ್ನು ಕೇಳಬೇಕು. ಅಂಥದು ಡಾಂಬರಿನ ಮೇಲೆ ಸದ್ದು ಮಾಡುತ್ತದೆ, ಸ್ವಲ್ಪ ಬೇಗ ಸವೆಯುತ್ತದೆ, ಆದರೆ ಹೊಲದಿಂದ ಹೊರಗೆ ಬರುತ್ತದೆ.

ಹಣ ಎರಡಕ್ಕೆ ಮಾತ್ರ ಇದ್ದಾಗ ಹೊಸವನ್ನು ಎಲ್ಲಿ ಹಾಕಬೇಕು ಎಂಬ ವಾದ ಪ್ರತಿ ಅಂಗಡಿಯಲ್ಲೂ ನಡೆಯುತ್ತದೆ. ಮುಂದಿನದು ಒಡೆದರೆ ಸ್ಟಿಯರಿಂಗ್ ಹೋಗುತ್ತದೆ ಎಂಬ ಹೆದರಿಕೆಯಿಂದ ಹೆಚ್ಚಿನವರು ಮುಂದೆ ಹಾಕಿಸುತ್ತಾರೆ. ನಾನು ಹಿಂದೆ ಹಾಕಿಸುತ್ತೇನೆ. ಮುಂದಿನ ಚಕ್ರ ಜಾರಿದರೆ ಸ್ಟಿಯರಿಂಗ್‌ನಲ್ಲಿ ಗೊತ್ತಾಗುತ್ತದೆ, ವೇಗ ಇಳಿಸಿ ಸಾವರಿಸಿಕೊಳ್ಳಬಹುದು. ಹಿಂದಿನದು ಜಾರಿದ್ದು ಗೊತ್ತಾಗುವ ಹೊತ್ತಿಗೆ ಗಾಡಿ ಅಡ್ಡ ನಿಂತಿರುತ್ತದೆ. ಪಿಕಪ್‌ನಲ್ಲಿ ಭಾರವೂ ಹಿಂದೆಯೇ. ಸವೆದು ತೆಳುವಾದವನ್ನು ಮುಂದೆ ಉಳಿಸಿಕೊಳ್ಳಿ ಎಂದು ಇದರರ್ಥವಲ್ಲ. ಮುಂದಿನವೂ 3 ಮಿಲಿಮೀಟರಿಗೆ ಬಂದಿದ್ದರೆ ನಾಲ್ಕೂ ಬದಲಾಗಲೇಬೇಕು. ಸ್ಟೆಪ್ನಿಯನ್ನು ಲೆಕ್ಕದಲ್ಲಿ ಸೇರಿಸಿಕೊಂಡು, ಎಲ್ಲ ಚಕ್ರಗಳನ್ನೂ 8ರಿಂದ 10 ಸಾವಿರಕ್ಕೊಮ್ಮೆ ಅದಲುಬದಲು ಮಾಡುತ್ತ ಬಂದವರಿಗೆ ಈ ತಕರಾರು ಬರುವುದೇ ಇಲ್ಲ.

ವಾರಂಟಿಯ ಬಗ್ಗೆ ಒಂದು ಮಾತು. ಹೊಸ ಗಾಡಿಯ ಟೈರ್‌ಗೆ ಸಾಮಾನ್ಯವಾಗಿ ಹೊಣೆ ಗಾಡಿಯ ಕಂಪನಿಯಲ್ಲ, ಟೈರ್ ಕಂಪನಿ. ಅವರು ಒಪ್ಪುವುದು ತಯಾರಿಕೆಯ ದೋಷವನ್ನು ಮಾತ್ರ. ಸವೆತ, ಸೀಳು, ಗುಂಡಿಗೆ ಬಿದ್ದ ಏಟು ಅದರಲ್ಲಿ ಬರುವುದಿಲ್ಲ. ಒಪ್ಪಿದರೂ ಉಳಿದ ಬಟನ್‌ನ ಪಾಲಿನಷ್ಟೇ ಹಣ ಕಡಿಮೆ ಮಾಡಿ ಹೊಸದು ಕೊಡುತ್ತಾರೆ. ಆದ್ದರಿಂದ ಬುಗುಟು ಕಂಡ ದಿನವೇ ಹೋಗಬೇಕು, ಇನ್ನೊಂದು ಟ್ರಿಪ್ ಆಗಲಿ ಎಂದು ಕಾಯಬಾರದು. ಬಿಲ್ಲಿನಲ್ಲಿ ಟೈರ್‌ನ ಸಂಖ್ಯೆ ಬರೆಸಿಕೊಂಡಿರಬೇಕು.

ಹೊಸದನ್ನು ಕೂಡಿಸಿದ ದಿನ ಕಿಲೋಮೀಟರ್, ಆಳ, ತಯಾರಿಕೆಯ ವಾರ ಈ ಮೂರನ್ನೂ ನಾನು ಗಾಡಿಯ ಕಾಗದಪತ್ರದ ಚೀಲದಲ್ಲಿರುವ ಸಣ್ಣ ವಹಿಯಲ್ಲಿ ಬರೆಯುತ್ತೇನೆ. ಮರುದಿನ, ಕಮಲಾಪುರ ದಾಟಿ ಚಹಾಕ್ಕೆ ನಿಲ್ಲಿಸಿದಲ್ಲಿ, ಪಾನಾ ತೆಗೆದು ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡುತ್ತೇನೆ. ಮೊದಲ 50, 100 ಕಿಲೋಮೀಟರ್ ಓಡಿದ ಮೇಲೆ ಅವು ಸ್ವಲ್ಪ ಸಡಿಲವಾಗುವುದುಂಟು.